ಟ್ರಿಪ್ಟೊಫ್ಯಾನ್ ತಗ್ಗಿದಾಗ: ಮೇವು, ನೋವು ಮತ್ತು ಜಗಳ

ಫ್ರಾನ್ಸಿನ ಅಲ್ಸಾಸ್ ಸೀಮೆಯ ಹೊಲಗಳಲ್ಲಿ ಕಾಡು ಹ್ಯಾಮ್‌ಸ್ಟರ್ ಎಂಬ ಪ್ರಾಣಿಯಿದೆ. ಕಂದು ಬೆನ್ನು, ಕಪ್ಪು ಹೊಟ್ಟೆ. ಕೆನ್ನೆಯ ಚೀಲದಲ್ಲಿ ಕಾಳು ತುಂಬಿಕೊಂಡು ಹೋಗಿ ಬಿಲದಲ್ಲಿ ಕೂಡಿಡುವುದು ಅದರ ಕಸುಬು. ಒಂದು ಕಾಲದಲ್ಲಿ ರೈತರು ಅದನ್ನು ಪೀಡೆಯೆಂದು ಹಿಡಿದು ಕೊಲ್ಲುತ್ತಿದ್ದರು. ಈಗ ಅದು ಅಳಿವಿನಂಚಿಗೆ ಬಂದು ನಿಂತಿದೆ. ಗೋಧಿ, ಮೇವಿನ ಸೊಪ್ಪು ಬೆಳೆಯುತ್ತಿದ್ದ ಕಡೆಯೆಲ್ಲ ಮೆಕ್ಕೆಜೋಳ ಆವರಿಸಿಕೊಂಡ ಮೇಲೆ ಅದರ ಸಂತತಿ ಏಕೆ ಕುಸಿಯಿತು? ಇದನ್ನು ತಿಳಿಯಲು ಸ್ಟ್ರಾಸ್‌ಬರ್ಗ್‌ನ ಮತಿಲ್ಡ್ ಟಿಸಿಯೇ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಹೆಣ್ಣು ಹ್ಯಾಮ್‌ಸ್ಟರ್‌ಗಳನ್ನು ಸಾಕಿದರು. ಕೆಲವಕ್ಕೆ ಗೋಧಿ, ಕೆಲವಕ್ಕೆ ಮೆಕ್ಕೆಜೋಳ; ಜೊತೆಗೆ ಎರೆಹುಳು ಅಥವಾ ಕ್ಲೋವರ್ ಸೊಪ್ಪು.

ಎರಡೂ ಗುಂಪಿನ ತಾಯಂದಿರು ಹಾಕಿದ ಮರಿಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಕಂಡದ್ದು ಆಮೇಲೆ. ಗೋಧಿ ತಿಂದ ತಾಯಂದಿರ ಮರಿಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಹಾಲು ಬಿಡುವ ಹಂತ ಮುಟ್ಟಿದವು. ಮೆಕ್ಕೆಜೋಳದ ಗುಂಪಿನಲ್ಲಿ ಹಾಗೆ ಉಳಿದದ್ದು ಶೇ 5ರಷ್ಟು ಮಾತ್ರ. ತಾಯಂದಿರು ಇನ್ನೂ ಜೀವವಿದ್ದ ಮರಿಗಳನ್ನು ಕೂಡಿಟ್ಟ ಕಾಳಿನ ರಾಶಿಯಲ್ಲಿ ತಂದಿಟ್ಟು ತಿಂದುಹಾಕುತ್ತಿದ್ದವು. ಯಾರಾದರೂ ಕೋಣೆಯೊಳಗೆ ಕಾಲಿಟ್ಟರೆ ಗಿರಗಿರನೆ ಸುತ್ತುತ್ತಿದ್ದವು, ಮೇವಿನ ತೊಟ್ಟಿಯನ್ನು ಹತ್ತಿ ಬಡಿಯುತ್ತಿದ್ದವು. ನಾಲಿಗೆ ಊದಿ ಕಪ್ಪಾಗಿತ್ತು, ರಕ್ತ ಮಂದವಾಗಿತ್ತು. ಅದೇ ಮೆಕ್ಕೆಜೋಳಕ್ಕೆ ಬಿ3 ವಿಟಮಿನ್, ಎಂದರೆ ನಿಯಾಸಿನ್, ಬೆರೆಸಿ ಕೊಟ್ಟಾಗ ಮರಿಗಳನ್ನು ತಿನ್ನುವ ಈ ಹುಚ್ಚು ನಿಂತಿತು. 2017ರಲ್ಲಿ ಪ್ರಕಟವಾದ ಈ ವರದಿ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು.

ಮೆಕ್ಕೆಜೋಳದಲ್ಲಿ ಇಲ್ಲದ್ದು ಬರೀ ವಿಟಮಿನ್ ಅಲ್ಲ. ದೇಹವು ಆ ವಿಟಮಿನ್ನನ್ನು ತಾನೇ ತಯಾರಿಸಿಕೊಳ್ಳಲು ಬೇಕಾದ ಕಚ್ಚಾವಸ್ತುವೂ ಅದರಲ್ಲಿ ಕಡಿಮೆ. ಆ ವಸ್ತುವೇ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ. ಮಿದುಳಿನಲ್ಲಿ ಸೆರೊಟೋನಿನ್ ತಯಾರಾಗುವುದೂ ಇದರಿಂದಲೇ. ನೋವನ್ನು ತಡೆದುಕೊಳ್ಳುವ ಶಕ್ತಿ, ಮೇಲೆ ಬೀಳುವ ಸ್ವಭಾವ ಎರಡಕ್ಕೂ ಸೆರೊಟೋನಿನ್‌ಗೂ ನಂಟಿದೆ ಎಂಬುದು ಅರವತ್ತು ವರ್ಷಗಳಿಂದ ನಡೆದಿರುವ ಸಂಶೋಧನೆಯ ಹುರುಳು. ಹಾಗಾದರೆ ಮೇವಿನಲ್ಲಿ ಒಂದಿಷ್ಟು ಟ್ರಿಪ್ಟೊಫ್ಯಾನ್ ಬೆರೆಸಿದರೆ ಕಚ್ಚುವ ನಾಯಿ, ಕುಕ್ಕುವ ಕೋಳಿ, ಕಾದಾಡುವ ಹಂದಿ ಎಲ್ಲವೂ ತಣ್ಣಗಾಗುತ್ತವೆಯೇ? ಇಲಿಯಿಂದ ಮಂಗದವರೆಗೆ, ಮೀನಿನಿಂದ ನಾಯಿಯವರೆಗೆ ನಡೆದ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಮೇಲೇಳುತ್ತದೆ: ಈ ಆಮ್ಲ ಕಡಿಮೆಯಾದಾಗ ಆಗುವ ಕೇಡು ಎದ್ದು ಕಾಣುತ್ತದೆ, ಸಾಕಷ್ಟು ಇರುವಾಗ ಮತ್ತಷ್ಟು ಸುರಿದರೆ ಆಗುವ ಲಾಭ ಅಷ್ಟು ಖಚಿತವಲ್ಲ.

ಮಿದುಳಿಗೆ ಹೋಗುವ ದಾರಿ

ಟ್ರಿಪ್ಟೊಫ್ಯಾನನ್ನು ಮೊದಲು ಬೇರ್ಪಡಿಸಿ ತೋರಿಸಿದವರು ಕೇಂಬ್ರಿಜ್‌ನ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸ್ ಮತ್ತು ಸಿಡ್ನಿ ಕೋಲ್. 1901ರಲ್ಲಿ ಹಾಲಿನ ಕೇಸೀನ್ ಪ್ರೋಟೀನನ್ನು ಕಿಣ್ವದಿಂದ ಒಡೆದು ಅವರು ಇದನ್ನು ಪಡೆದರು. ಐದು ವರ್ಷಗಳ ನಂತರ ಹಾಪ್ಕಿನ್ಸ್ ಮತ್ತು ಈಡಿತ್ ವಿಲ್ಕಾಕ್ ಸುಂಡಿಲಿಗಳಿಗೆ ಮೆಕ್ಕೆಜೋಳದ ಝೀನ್ ಎಂಬ ಪ್ರೋಟೀನನ್ನಷ್ಟೇ ಕೊಟ್ಟು ನೋಡಿದರು. ಅದರಲ್ಲಿ ಟ್ರಿಪ್ಟೊಫ್ಯಾನ್ ಇಲ್ಲ. ಇಲಿಗಳು ಸೊರಗಿ ಸತ್ತವು; ಟ್ರಿಪ್ಟೊಫ್ಯಾನ್ ಬೆರೆಸಿ ಕೊಟ್ಟವು ಹೆಚ್ಚು ದಿನ ಬದುಕಿದವು. ದೇಹಕ್ಕೆ ತಾನಾಗಿ ತಯಾರಿಸಿಕೊಳ್ಳಲಾಗದ, ಆಹಾರದಿಂದಲೇ ಬರಬೇಕಾದ ಅಮೈನೋ ಆಮ್ಲಗಳಿವೆ ಎಂಬ ತಿಳಿವಿಗೆ ಇದು ಆರಂಭದ ಮೆಟ್ಟಿಲು. ಮೆಕ್ಕೆಜೋಳ ಈ ಕಥೆಯಲ್ಲಿ ಅಂದಿನಿಂದಲೂ ಇದೆ.

ಸೆರೊಟೋನಿನ್ ಬಂದದ್ದು ತಡವಾಗಿ. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮಾರಿಸ್ ರ‍್ಯಾಪೋರ್ಟ್, ಆರ್ಡಾ ಗ್ರೀನ್ ಮತ್ತು ಅರ್ವಿನ್ ಪೇಜ್ ಇದನ್ನು ರಕ್ತದಿಂದ ಬೇರ್ಪಡಿಸಿದಾಗ ಅದು ರಕ್ತನಾಳಗಳನ್ನು ಕುಗ್ಗಿಸುವ ವಸ್ತುವೆಂದಷ್ಟೇ ಗೊತ್ತಿತ್ತು. ಮಿದುಳಿನಲ್ಲೂ ಅದಿದೆ ಎಂದು ಬೆಟ್ಟಿ ಟ್ವಾರೊಗ್ 1953ರಲ್ಲಿ ತೋರಿಸಿದರು. ಟ್ರಿಪ್ಟೊಫ್ಯಾನನ್ನು ಸೆರೊಟೋನಿನ್ ಆಗಿಸುವಾಗ ಟ್ರಿಪ್ಟೊಫ್ಯಾನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಮೊದಲ ಹೆಜ್ಜೆ ಇಡುತ್ತದೆ, ಇನ್ನೊಂದು ಕಿಣ್ವ ಕೆಲಸ ಮುಗಿಸುತ್ತದೆ. ಮೊದಲನೆಯ ಕಿಣ್ವಕ್ಕೆ ಸಾಮಾನ್ಯವಾಗಿ ಕೈತುಂಬ ಕೆಲಸ ಇರುವುದಿಲ್ಲ. ಹೆಚ್ಚು ಕಚ್ಚಾವಸ್ತು ಬಂದರೆ ಹೆಚ್ಚು ತಯಾರಿಸುತ್ತದೆ, ಕಡಿಮೆ ಬಂದರೆ ಕಡಿಮೆ. ಊಟದ ತಟ್ಟೆಗೂ ಮಿದುಳಿನ ರಾಸಾಯನಿಕಕ್ಕೂ ನೇರ ಸಂಬಂಧ ಬೆಸೆಯುವುದು ಇದೇ ಗುಣ. 1971ರಲ್ಲಿ ಜಾನ್ ಫರ್ನ್‌ಸ್ಟ್ರಾಮ್ ಮತ್ತು ರಿಚರ್ಡ್ ವರ್ಟ್‌ಮನ್ ಇಲಿಗಳಿಗೆ ಅವು ದಿನವೊಂದಕ್ಕೆ ತಿನ್ನುವ ಟ್ರಿಪ್ಟೊಫ್ಯಾನಿನ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಚುಚ್ಚಿದರೂ ಮಿದುಳಿನ ಸೆರೊಟೋನಿನ್ ಏರಿತು.

ಆದರೆ ಈ ದಾರಿಯಲ್ಲಿ ಒಂದು ಇಕ್ಕಟ್ಟಿದೆ. ರಕ್ತದಿಂದ ಮಿದುಳಿನೊಳಗೆ ಹೋಗಲು ಟ್ರಿಪ್ಟೊಫ್ಯಾನ್, ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್, ಟೈರೊಸಿನ್, ಫಿನೈಲ್‌ಅಲನಿನ್ ಎಲ್ಲವಕ್ಕೂ ಇರುವುದು ಒಂದೇ ಸಾಗಣೆ ವ್ಯವಸ್ಥೆ. ಸಂತೆಯ ದಿನದ ಬಸ್ಸಿನ ಬಾಗಿಲಲ್ಲಿ ಆಗುವ ನೂಕುನುಗ್ಗಲೇ ಅಲ್ಲೂ. ಪ್ರೋಟೀನಿನಲ್ಲಿ ಟ್ರಿಪ್ಟೊಫ್ಯಾನಿನ ಪಾಲು ನೂರಕ್ಕೆ ಒಂದು ಒಂದೂವರೆಯಷ್ಟೇ; ಉಳಿದವು ಹಲವು ಪಟ್ಟು ಹೆಚ್ಚು. ಆದ್ದರಿಂದ ಮಾಂಸ, ಮೊಟ್ಟೆ ಯಥೇಚ್ಛವಾಗಿ ತಿಂದರೆ ರಕ್ತದಲ್ಲಿ ಟ್ರಿಪ್ಟೊಫ್ಯಾನ್ ಹೆಚ್ಚುತ್ತದೆ, ಮಿದುಳಿಗೆ ಮಾತ್ರ ಅಷ್ಟಾಗಿ ತಲುಪುವುದಿಲ್ಲ. ಹಿಟ್ಟು, ಸಕ್ಕರೆಯ ಊಟದ ಮೇಲೆ ಇನ್ಸುಲಿನ್ ಏರಿ ಪೈಪೋಟಿಯ ಆಮ್ಲಗಳನ್ನು ಸ್ನಾಯುಗಳತ್ತ ಕಳಿಸುವುದರಿಂದ ಬಾಗಿಲು ಸ್ವಲ್ಪ ಸಡಿಲವಾಗುತ್ತದೆ. ಮುಂದಿನ ಪ್ರಯೋಗಗಳಲ್ಲಿ ಪಶುಗಳ ಮೇವಿನ ಒಟ್ಟು ಪ್ರೋಟೀನ್ ಎಷ್ಟೆಂಬ ಪ್ರಶ್ನೆ ಪದೇ ಪದೇ ಬರುವುದು ಇದೇ ಕಾರಣಕ್ಕೆ.

ನೋವಿನ ಲೆಕ್ಕ

ಸೆರೊಟೋನಿನ್ ಇಲ್ಲದಿದ್ದರೆ ನೋವು ಹೆಚ್ಚುತ್ತದೆಯೇ ಎಂದು ಪರೀಕ್ಷಿಸಲು ಸಂಶೋಧಕರಿಗೆ ಒಂದು ಹತಾರ ಸಿಕ್ಕಿದ್ದು 1966ರಲ್ಲಿ. ಪ್ಯಾರಾ-ಕ್ಲೋರೊಫಿನೈಲ್‌ಅಲನಿನ್ ಎಂಬ ಔಷಧ ಟ್ರಿಪ್ಟೊಫ್ಯಾನ್ ಹೈಡ್ರಾಕ್ಸಿಲೇಸಿನ ಕೈಕಟ್ಟಿ ಹಾಕುತ್ತದೆ. ಮರುವರ್ಷವೇ ಟೆನೆನ್ ಎಂಬ ವಿಜ್ಞಾನಿ ಇದನ್ನು ಇಲಿಗಳಿಗೆ ಕೊಟ್ಟು, ಕಾಲಿಗೆ ಕೊಡುವ ವಿದ್ಯುತ್ ಆಘಾತಕ್ಕೆ ಅವು ಮೊದಲಿಗಿಂತ ಕಡಿಮೆ ಮಟ್ಟದಲ್ಲೇ ಬೆಚ್ಚುತ್ತವೆ ಎಂದು ತೋರಿಸಿದರು. ಮಾರ್ಫಿನ್‌ನ ನೋವು ನೀಗುವ ಗುಣವೂ ಈ ಔಷಧದ ಮುಂದೆ ತಗ್ಗಿತು.

ಔಷಧ ಬಿಟ್ಟು ಬರೀ ಮೇವಿನಿಂದಲೇ ಇದು ಸಾಧ್ಯವೇ? 1975ರಲ್ಲಿ ಲಿಟ್ಲ್, ಮೆಸ್ಸಿಂಗ್ ಮತ್ತು ಜೊತೆಗಾರರು ಇಲಿಗಳಿಗೆ ವಾರಗಟ್ಟಲೆ ಮೆಕ್ಕೆಜೋಳವನ್ನೇ ಮುಖ್ಯ ಆಹಾರವಾಗಿ ಕೊಟ್ಟರು. ಮಿದುಳಿನ ಸೆರೊಟೋನಿನ್ ಇಳಿಯಿತು. ವಿದ್ಯುತ್ ಆಘಾತಕ್ಕೆ ಅವುಗಳ ಪ್ರತಿಕ್ರಿಯೆ ತೀವ್ರವಾಯಿತು. ಟ್ರಿಪ್ಟೊಫ್ಯಾನ್ ಸಾಕಷ್ಟು ದೊರೆತ ಮೇಲೆ ಎರಡೂ ಮೊದಲಿನ ಸ್ಥಿತಿಗೆ ಮರಳಿದವು. ಹಾಪ್ಕಿನ್ಸ್ ಕಂಡ ಕೊರತೆ ಎಪ್ಪತ್ತು ವರ್ಷಗಳ ನಂತರ ನೋವಿನ ಪ್ರಯೋಗಾಲಯಕ್ಕೆ ಬಂದು ಸೇರಿತ್ತು.

ಈ ಸಂಬಂಧ ಎಲ್ಲಿ ಕೆಲಸ ಮಾಡುತ್ತದೆ ಎಂಬುದೂ ಆ ಹೊತ್ತಿಗೆ ಸ್ಪಷ್ಟವಾಗತೊಡಗಿತ್ತು. 1969ರಲ್ಲಿ ಡೇವಿಡ್ ರೆನಾಲ್ಡ್ಸ್ ಇಲಿಯ ನಡುಮಿದುಳಿನ ಒಂದು ಬೂದುಬಣ್ಣದ ಭಾಗವನ್ನು ವಿದ್ಯುತ್ತಿನಿಂದ ಪ್ರಚೋದಿಸಿ, ಅರಿವಳಿಕೆಯೇ ಇಲ್ಲದೆ ಅದರ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿದರು. ಅಲ್ಲಿಂದ ಮಿದುಳಿನ ಬುಡದಲ್ಲಿರುವ ಸೆರೊಟೋನಿನ್ ನರಕೋಶಗಳಿಗೆ, ಅಲ್ಲಿಂದ ಬೆನ್ನುಹುರಿಗೆ ಇಳಿಯುವ ಒಂದು ಜಾಲವಿದೆ. ಮೇಲೇರುವ ನೋವಿನ ಸಂದೇಶವನ್ನು ಬೆನ್ನುಹುರಿಯಲ್ಲೇ ತಡೆಯುವುದು ಅದರ ಕೆಲಸ. ಸೆರೊಟೋನಿನ್ ತಯಾರಿಕೆ ನಿಲ್ಲಿಸಿದರೆ ಈ ತಡೆಯೂ ಸಡಿಲವಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಕಥೆ ಸರಳವಾಗಿರುತ್ತಿತ್ತು. ಆದರೆ ಕಣಜದ ಹುಳು ಕಚ್ಚಿದಾಗ ಉರಿಯುವುದಕ್ಕೆ ಅದರ ವಿಷದಲ್ಲಿರುವ ಸೆರೊಟೋನಿನ್ನೂ ಒಂದು ಕಾರಣ. ಚರ್ಮದಲ್ಲಿ, ಗಾಯದಲ್ಲಿ ಸೆರೊಟೋನಿನ್ ನೋವು ತರುತ್ತದೆ, ಬೆನ್ನುಹುರಿಯಲ್ಲಿ ತಡೆಯುತ್ತದೆ. ಬೆನ್ನುಹುರಿಯಲ್ಲೂ ಅದು ಯಾವ ಗ್ರಾಹಕಕ್ಕೆ ಅಂಟಿಕೊಂಡಿತು ಎಂಬುದರ ಮೇಲೆ ಫಲ ನಿಂತಿದೆ: ಒಂದು ಬಗೆಯ ಗ್ರಾಹಕ ನೋವನ್ನು ತಗ್ಗಿಸಿದರೆ ಇನ್ನೊಂದು ಹೆಚ್ಚಿಸುತ್ತದೆ. ಮಿದುಳಿನ ಸೆರೊಟೋನಿನ್ ಕೋಶಗಳೇ ಬೆಳೆಯದಂತೆ ಮಾಡಿದ ಸುಂಡಿಲಿಗಳ ಮೇಲೆ 2007ರಲ್ಲಿ ಪ್ರಕಟವಾದ ಅಧ್ಯಯನ ಈ ಗೋಜಲನ್ನು ಕಣ್ಣಮುಂದೆ ಇಡುತ್ತದೆ. ಅವು ಶಾಖದ ನೋವನ್ನು ಮಾಮೂಲಿನಂತೆಯೇ ಅನುಭವಿಸಿದವು. ಚುಚ್ಚಿ ಒತ್ತಿದಾಗ ಇತರ ಇಲಿಗಳಿಗಿಂತ ಕಡಿಮೆ ಸ್ಪಂದಿಸಿದವು. ಉರಿಯೂತದ ನೋವು ಮಾತ್ರ ಅವುಗಳಲ್ಲಿ ಹೆಚ್ಚಾಗಿತ್ತು. ಒಂದೇ ಕೊರತೆ, ಮೂರು ಬಗೆಯ ನೋವು, ಮೂರು ಉತ್ತರ.

ಮನುಷ್ಯರಲ್ಲಿ ನಡೆದ ಒಂದು ಪರೀಕ್ಷೆ ಇಲಿಗಳಲ್ಲಿ ಕಂಡ ಮಾರ್ಫಿನ್ ಫಲವನ್ನೇ ಹೋಲುತ್ತದೆ. ಮಾಂಟ್ರಿಯಲ್‌ನಲ್ಲಿ 1992ರಲ್ಲಿ ವರದಿಯಾದ ಪ್ರಯೋಗದಲ್ಲಿ ಸ್ವಯಂಸೇವಕರಿಗೆ ಟ್ರಿಪ್ಟೊಫ್ಯಾನ್ ಇಲ್ಲದ ಅಮೈನೋ ಆಮ್ಲಗಳ ಪಾನೀಯ ಕುಡಿಸಿ, ಕೈಯನ್ನು ಕೊರೆಯುವ ನೀರಿನಲ್ಲಿ ಅದ್ದಿಸಿದರು. ಆ ಪಾನೀಯ ಕುಡಿದವರಿಗೆ ಮಾರ್ಫಿನ್ ನಾಟಲಿಲ್ಲ.

ವಿಟಮಿನ್ನಿಗೂ ಪಾಲು

ಊಟದಲ್ಲಿ ಬಂದ ಟ್ರಿಪ್ಟೊಫ್ಯಾನಿನಲ್ಲಿ ಸೆರೊಟೋನಿನ್ ಆಗುವುದು ಸಣ್ಣ ಪಾಲು. ಹೆಚ್ಚಿನದು ಕೈನುರೆನಿನ್ ಎಂಬ ಬೇರೊಂದು ದಾರಿ ಹಿಡಿಯುತ್ತದೆ. ಆ ದಾರಿಯ ಕೊನೆಯಲ್ಲಿ ನಿಯಾಸಿನ್ ಸಿಗುತ್ತದೆ. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫ್ಯಾನಿಗೆ 1 ಮಿಲಿಗ್ರಾಂ ನಿಯಾಸಿನ್ ಎಂಬುದು ಪೋಷಣಾ ವಿಜ್ಞಾನದ ಸಾಮಾನ್ಯ ಲೆಕ್ಕ. ಎರಡೂ ಇಲ್ಲದಾಗ ಬರುವ ರೋಗ ಪೆಲ್ಲಾಗ್ರಾ. ಬಿಸಿಲು ಬಿದ್ದ ಚರ್ಮ ಕಪ್ಪಿಟ್ಟು ಸುಲಿಯುವುದು, ಭೇದಿ, ಬುದ್ಧಿ ಕದಡುವುದು ಅದರ ಲಕ್ಷಣಗಳು. ಅದಕ್ಕೂ ಮೊದಲು ಕಾಣುವುದು ಸಿಡುಕು. ನಾಯಿಗಳಿಗೆ ಇದೇ ರೋಗ ಬಂದರೆ ಕಪ್ಪು ನಾಲಿಗೆ ಎನ್ನುತ್ತಾರೆ. 1937ರಲ್ಲಿ ಕಾನ್ರಾಡ್ ಎಲ್ವೆಹಜೆಮ್ ಅಮೆರಿಕದಲ್ಲಿ ಇಂಥ ನಾಯಿಗಳನ್ನು ನಿಯಾಸಿನ್‌ನಿಂದ ಗುಣಪಡಿಸಿದ ಮೇಲೆಯೇ ಪೆಲ್ಲಾಗ್ರಾದ ಮದ್ದು ಖಚಿತವಾದದ್ದು.

ಈ ಕಥೆಯ ಒಂದು ಅಧ್ಯಾಯ ದಖ್ಖಣದಲ್ಲೂ ನಡೆದಿದೆ. ಜೋಳದ ರೊಟ್ಟಿಯನ್ನೇ ನೆಚ್ಚಿಕೊಂಡ ಬಡವರಲ್ಲಿ ಪೆಲ್ಲಾಗ್ರಾ ಕಾಣುತ್ತಿದ್ದುದು ಹೈದರಾಬಾದಿನ ಪೋಷಣಾ ಪ್ರಯೋಗಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರ ಗಮನ ಸೆಳೆಯಿತು. ಜೋಳದಲ್ಲಿ ಟ್ರಿಪ್ಟೊಫ್ಯಾನ್ ಮೆಕ್ಕೆಜೋಳದಲ್ಲಿರುವಷ್ಟು ಕಡಿಮೆಯಿಲ್ಲ, ಆದರೂ ರೋಗ ಬರುತ್ತಿತ್ತು. ಜೋಳದಲ್ಲಿ ಲ್ಯೂಸಿನ್ ಅತಿಯಾಗಿರುವುದೇ ಇದಕ್ಕೆ ಕಾರಣ ಎಂದು ಅವರು 1960ರಲ್ಲಿ ವಾದಿಸಿದರು. ಮುಂದೆ ಇದೇ ಪ್ರಯೋಗಾಲಯ ಜೋಳದ ಆಹಾರ ಕೊಟ್ಟು ನಾಯಿಗಳಲ್ಲಿ ಕಪ್ಪು ನಾಲಿಗೆಯನ್ನು ಬರಿಸಿ ತೋರಿಸಿತು. ಲ್ಯೂಸಿನ್ ವಾದವನ್ನು ಬೇರೆ ಕಡೆಯ ಸಂಶೋಧಕರು ಪ್ರಶ್ನಿಸಿದ್ದುಂಟು. ಹಾಗಿದ್ದರೂ ಒಂದು ಅಮೈನೋ ಆಮ್ಲದ ಕೊರತೆಯನ್ನು ಇನ್ನೊಂದರ ಜೊತೆಗಿಟ್ಟೇ ತೂಗಬೇಕು ಎಂಬ ಆಲೋಚನೆ ಅಲ್ಲಿಂದ ಬಲಗೊಂಡಿತು. ವಿಜಯಪುರ, ಕಲಬುರಗಿ ಕಡೆಯ ಊಟದಲ್ಲಿ ರೊಟ್ಟಿಯ ಜೊತೆ ಬೇಳೆ, ಕಾಳುಪಲ್ಯ, ಮೊಸರು, ಶೇಂಗಾ ಚಟ್ನಿ ಇರುವ ಮನೆಗೆ ಈ ರೋಗ ಸುಳಿಯುವುದಿಲ್ಲ. ಬರಗಾಲದಲ್ಲಿ ರೊಟ್ಟಿಯೊಂದೇ ಉಳಿದ ಮನೆಯೇ ಅದಕ್ಕೆ ಈಡಾಗುವುದು.

ಅಲ್ಸಾಸಿನ ಹ್ಯಾಮ್‌ಸ್ಟರ್‌ಗಳನ್ನು ಅರ್ಥಮಾಡಿಕೊಳ್ಳುವಾಗ ಟ್ರಿಪ್ಟೊಫ್ಯಾನಿನ ಈ ಎರಡನೆಯ ದಾರಿ ನೆನಪಿರಬೇಕು. ವಿಟಮಿನ್ ಕೊಟ್ಟಾಗಲೇ ಅವು ಸರಿಹೋದವು. ಅಂದಮೇಲೆ ಅಲ್ಲಿನ ಕ್ರೌರ್ಯವನ್ನೆಲ್ಲ ಸೆರೊಟೋನಿನ್ ತಲೆಗೆ ಕಟ್ಟಲಾಗದು.

ಕೈನುರೆನಿನ್ ದಾರಿಗೆ ನೋವಿನೊಂದಿಗೂ ನಂಟಿದೆ. ದೇಹದಲ್ಲಿ ಉರಿಯೂತವಿದ್ದಾಗ ಐಡಿಒ ಎಂಬ ಕಿಣ್ವ ಚುರುಕಾಗಿ ಟ್ರಿಪ್ಟೊಫ್ಯಾನನ್ನು ಆ ಕಡೆಗೆ ಎಳೆದುಕೊಳ್ಳುತ್ತದೆ. 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ದೀರ್ಘಕಾಲದ ನೋವಿದ್ದ ಇಲಿಗಳ ಮಿದುಳಿನಲ್ಲಿ ಈ ಕಿಣ್ವ ಹೆಚ್ಚಿತ್ತು. ಅದನ್ನು ತಡೆದಾಗ ನೋವು, ಮಂಕು ಎರಡೂ ತಗ್ಗಿದವು. ನೋವೇ ಟ್ರಿಪ್ಟೊಫ್ಯಾನನ್ನು ಕಬಳಿಸಿದರೆ, ಆ ಕೊರತೆ ಮತ್ತೆ ನೋವನ್ನು ಹೆಚ್ಚಿಸಬಹುದು.

ಕೊಲ್ಲುವ ಇಲಿ, ಯಜಮಾನ ಮಂಗ

ಸಿಟ್ಟಿನ ಸಂಶೋಧನೆಗೆ ಮೊದಲ ಸಾಕ್ಷಿ ಒಂಟಿ ಇಲಿ. ಇಟಲಿಯ ಮಿಲಾನ್‌ನಲ್ಲಿ ಲುಯಿಜಿ ವಾಲ್ಜೆಲ್ಲಿ 1960ರ ದಶಕದಿಂದ ಗಂಡು ಸುಂಡಿಲಿಗಳನ್ನು ವಾರಗಟ್ಟಲೆ ಒಂಟಿಯಾಗಿಟ್ಟು ಗಮನಿಸಿದರು. ಮತ್ತೊಂದು ಇಲಿಯನ್ನು ಕಂಡೊಡನೆ ಮೇಲೆ ಬೀಳುವಂತಾದ ಅವುಗಳ ಮಿದುಳಿನಲ್ಲಿ ಸೆರೊಟೋನಿನ್ ತಯಾರಾಗಿ ಬಳಕೆಯಾಗುವ ವೇಗ ಕುಗ್ಗಿತ್ತು. 1979ರಲ್ಲಿ ಗಿಬ್ಬನ್ಸ್ ಮತ್ತು ಸಂಗಡಿಗರು ಟ್ರಿಪ್ಟೊಫ್ಯಾನ್ ಇಲ್ಲದ ಆಹಾರವನ್ನು ದೊಡ್ಡ ಇಲಿಗಳಿಗೆ ಕೊಟ್ಟಾಗ, ಪಂಜರದೊಳಗೆ ಬಿಟ್ಟ ಸುಂಡಿಲಿಯನ್ನು ಕೊಲ್ಲುವ ಪ್ರವೃತ್ತಿ ಹೆಚ್ಚಿತು. ಬರ್ಲಿನ್ನಿನ ಮ್ಯಾಕ್ಸ್ ಡೆಲ್‌ಬ್ರೂಕ್ ಕೇಂದ್ರದಲ್ಲಿ ಮಿದುಳಿನ ಟ್ರಿಪ್ಟೊಫ್ಯಾನ್ ಹೈಡ್ರಾಕ್ಸಿಲೇಸ್ ಜೀನನ್ನೇ ತೆಗೆದುಹಾಕಿದ ಸುಂಡಿಲಿಗಳೂ ವಿಪರೀತ ಜಗಳಗಂಟಿಗಳಾದವು. ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ತಲೆಮಾರುಗಳಿಂದ ಸಾಧು ಸ್ವಭಾವಕ್ಕಾಗಿ ಆಯ್ದು ಬೆಳೆಸಿದ ಬೆಳ್ಳಿನರಿಗಳ ಮಿದುಳಿನಲ್ಲಿ ಸೆರೊಟೋನಿನ್ ಹೆಚ್ಚಿರುವುದನ್ನು ನೀನಾ ಪೊಪೋವಾ ತಂಡ ಕಂಡುಕೊಂಡಿತು.

ಮಂಗಗಳ ವಿಷಯ ಇನ್ನೂ ಸ್ವಾರಸ್ಯಕರ. 1987ರಲ್ಲಿ ಚೇಂಬರ್ಲೇನ್, ಅರ್ವಿನ್, ಪಿಲ್ ಮತ್ತು ಯಂಗ್ ವರ್ವೆಟ್ ಮಂಗಗಳಿಗೆ ಮೂರು ಬಗೆಯ ಅಮೈನೋ ಆಮ್ಲ ಮಿಶ್ರಣ ಕೊಟ್ಟರು: ಟ್ರಿಪ್ಟೊಫ್ಯಾನ್ ಇಲ್ಲದ್ದು, ಹದವಾಗಿ ಇರುವುದು, ಹೆಚ್ಚು ಇರುವುದು. ಆಮ್ಲ ಇಲ್ಲದ ಮಿಶ್ರಣ ಕುಡಿದ ಗಂಡುಗಳು ಜಗಳಕ್ಕೆ ನಿಂತವು. ಹೆಚ್ಚು ಕುಡಿದವುಗಳ ಸೌಮ್ಯತೆ ಎದ್ದು ಕಂಡದ್ದು ಆಹಾರಕ್ಕಾಗಿ ಪೈಪೋಟಿ ಏರ್ಪಡಿಸಿದಾಗ. ಸುಮ್ಮನೆ ಕುಳಿತ ಹೊತ್ತಿನಲ್ಲಿ ಹೆಚ್ಚುವರಿ ಆಮ್ಲಕ್ಕೆ ಮಾಡಲು ಕೆಲಸವಿರಲಿಲ್ಲ.

ನಾಲ್ಕು ವರ್ಷಗಳ ನಂತರ ಮೈಕೆಲ್ ರಾಲೀ ಮತ್ತು ಮೈಕೆಲ್ ಮಗ್ವಾಯರ್ ಇದೇ ಜಾತಿಯ 12 ಗುಂಪುಗಳಿಂದ ಯಜಮಾನ ಗಂಡನ್ನು ಹೊರತೆಗೆದರು. ಉಳಿದ ಎರಡು ಗಂಡುಗಳಲ್ಲಿ ಒಂದಕ್ಕೆ ಸೆರೊಟೋನಿನ್ ಹೆಚ್ಚಿಸುವ ಟ್ರಿಪ್ಟೊಫ್ಯಾನ್ ಅಥವಾ ಫ್ಲುಆಕ್ಸೆಟಿನ್ ಎಂಬ ಔಷಧ ಕೊಟ್ಟಾಗ ಪ್ರತಿ ಗುಂಪಿನಲ್ಲೂ ಅದೇ ಗಂಡು ಯಜಮಾನಿಕೆಗೆ ಏರಿತು. ಏರಿದ್ದು ಹೊಡೆದಾಟದಿಂದಲ್ಲ. ಅದು ಹೆಣ್ಣುಗಳ ಹತ್ತಿರ ಕುಳಿತು ಹೇನು ಹೆಕ್ಕಿ, ಅವುಗಳ ಒಲವು ಗಳಿಸಿ ಮೇಲೆ ಬಂತು. ಸೆರೊಟೋನಿನ್ ತಗ್ಗಿಸಿದ ಗಂಡುಗಳೇ ಹೆಚ್ಚು ಜಗಳವಾಡಿ ಕೆಳಗುಳಿದವು. ಟ್ರಿಪ್ಟೊಫ್ಯಾನ್ ಪ್ರಾಣಿಯನ್ನು ಮೆತ್ತಗಾಗಿಸುತ್ತದೆ ಎಂಬ ಮಾತಿಗಿಂತ ಇದು ಬೇರೆ. ಇಲ್ಲಿ ತಗ್ಗಿದ್ದು ದುಡುಕು. ಮಹತ್ವಾಕಾಂಕ್ಷೆ ಹಾಗೇ ಇತ್ತು.

ನೆದರ್ಲೆಂಡ್ಸ್‌ನ ಗ್ರೋನಿಂಗೆನ್ ತಂಡ ಇನ್ನೊಂದು ಗಂಟು ಬಿಡಿಸಿದೆ. ಸ್ವಭಾವತಃ ಜಗಳಗಂಟಿಯಾದ ಇಲಿಯಲ್ಲಿ ಸೆರೊಟೋನಿನ್ ಮಟ್ಟ ಕಡಿಮೆ ಇರಬಹುದು, ಆದರೆ ಜಗಳ ನಡೆಯುತ್ತಿರುವ ಆ ಕ್ಷಣಗಳಲ್ಲಿ ಅದರ ಸೆರೊಟೋನಿನ್ ಕೋಶಗಳು ಚುರುಕಾಗಿಯೇ ಇರುತ್ತವೆ. ಸ್ವಭಾವವನ್ನು ಅಳೆದರೋ ಘಟನೆಯನ್ನು ಅಳೆದರೋ ಎಂಬುದರ ಮೇಲೆ ಉತ್ತರವೇ ತಿರುವುಮುರುವಾಗುತ್ತದೆ.

ಕೋಳಿ, ಹಂದಿ, ಮೀನು

ಪ್ರಯೋಗಾಲಯದ ಈ ತಿಳಿವಳಿಕೆ ಕೊಟ್ಟಿಗೆಗೆ ಇಳಿದದ್ದು ಲಾಭನಷ್ಟದ ಕಾರಣಕ್ಕೆ. ದಟ್ಟವಾಗಿ ತುಂಬಿದ ಕೋಳಿ ಫಾರಂನಲ್ಲಿ ಒಂದು ಕೋಳಿ ಇನ್ನೊಂದರ ಗರಿ ಕೀಳಲು ಶುರುಮಾಡಿದರೆ ರಕ್ತ ಕಂಡ ಉಳಿದವೂ ಕೈಜೋಡಿಸುತ್ತವೆ, ಸಾವಿನವರೆಗೂ ಹೋಗುತ್ತದೆ. ಅದಕ್ಕೆಂದೇ ಮರಿಯಲ್ಲೇ ಬಿಸಿ ಅಲಗಿನಿಂದ ಕೊಕ್ಕಿನ ತುದಿ ಕತ್ತರಿಸುವ ಪದ್ಧತಿ ಬಂತು. ಕತ್ತರಿಸಿದ ಕೊಕ್ಕಿನೊಳಗೆ ನರಗಳು ಗಂಟುಗಟ್ಟಿ ಬಹುಕಾಲ ನೋವು ಕೊಡಬಲ್ಲವು ಎಂದು ಎಡಿನ್‌ಬರೋದ ಮೈಕೆಲ್ ಜೆಂಟಲ್ 1980ರ ದಶಕದಲ್ಲಿ ತೋರಿಸಿದ ಮೇಲೆ, ಕತ್ತರಿಯ ಬದಲು ಮೇವಿನಿಂದ ಕುಕ್ಕಾಟ ನಿಲ್ಲಿಸಬಹುದೇ ಎಂಬ ಹುಡುಕಾಟಕ್ಕೆ ಬಿರುಸು ಬಂತು.

ಸ್ಕಾಟ್ಲೆಂಡಿನಲ್ಲಿ ಸೇವರಿ ತಂಡ 1999ರಲ್ಲಿ ಬ್ಯಾಂಟಮ್ ಕೋಳಿಗಳಿಗೆ ಸಾಮಾನ್ಯ ಪ್ರಮಾಣದ ಹಲವು ಪಟ್ಟು, ಎಂದರೆ ಮೇವಿನ ಶೇ 2ರಷ್ಟು, ಟ್ರಿಪ್ಟೊಫ್ಯಾನ್ ಕೊಟ್ಟಾಗ ಕುಕ್ಕಿದ ಗಾಯಗಳು ಕಡಿಮೆಯಾದವು. 2004ರಲ್ಲಿ ಡಚ್ ವಿಜ್ಞಾನಿ ವ್ಯಾನ್ ಹಿಯರ್ಡನ್ ಗರಿ ಕೀಳುವ ಚಾಳಿ ಹೆಚ್ಚಿರುವ ತಳಿಯ ಮರಿಗಳಲ್ಲಿ ಇದೇ ಪ್ರಮಾಣವನ್ನು ಪರೀಕ್ಷಿಸಿದರು. ಅಲ್ಲಿ ಕಡಿಮೆಯಾದದ್ದು ಮೆಲ್ಲಗೆ ಗರಿ ಕುಕ್ಕುವ ನಡವಳಿಕೆ. ಗರಿ ಕೀಳುವುದು ಜಗಳವೇ ಅಲ್ಲ, ನೆಲ ಕೆದಕಿ ಮೇಯುವ ಸಹಜ ವರ್ತನೆ ದಾರಿ ತಪ್ಪಿದ್ದು ಎನ್ನುವವರೂ ಇದ್ದಾರೆ. ಹಾಗಿದ್ದರೆ ಕೆದಕಲು ಹೊಟ್ಟು, ಹುಲ್ಲು ಹಾಸಿಕೊಡುವುದು ದುಬಾರಿ ಆಮ್ಲಕ್ಕಿಂತ ಅಗ್ಗದ ಉಪಾಯ.

ಕರ್ನಾಟಕಕ್ಕೂ ಈ ಲೆಕ್ಕ ದೂರದ್ದಲ್ಲ. ದಾವಣಗೆರೆ, ಹಾವೇರಿ ಸೀಮೆಯ ಗೋವಿನಜೋಳದ, ಎಂದರೆ ಮೆಕ್ಕೆಜೋಳದ, ದೊಡ್ಡ ಗಿರಾಕಿ ಕೋಳಿ ಆಹಾರದ ಗಿರಣಿಗಳೇ. ಗೋವಿನಜೋಳದ ಕೊರತೆಯನ್ನು ತುಂಬುವುದು ಸೋಯಾ ಹಿಂಡಿ. ಸೋಯಾ ಬೆಲೆ ಏರಿದಾಗ ಹಿಂಡಿಯ ಪಾಲು ಇಳಿಸಿ, ಲೈಸಿನ್, ಮಿಥಿಯೊನಿನ್ ಪುಡಿ ಬೆರೆಸಿ ಸರಿದೂಗಿಸುವ ವಾಡಿಕೆಯಿದೆ. ಆಗ ಟ್ರಿಪ್ಟೊಫ್ಯಾನ್ ಸದ್ದಿಲ್ಲದೆ ಇಳಿಯುವ ಸಂಭವ ಉಂಟು. ಈ ಕೊರತೆಯನ್ನು ಬೀಜದಲ್ಲೇ ನೀಗಿಸುವ ಯತ್ನವೂ ನಡೆದಿದೆ. 1964ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಲೈಸಿನ್, ಟ್ರಿಪ್ಟೊಫ್ಯಾನ್ ಹೆಚ್ಚಿರುವ ಮೆಕ್ಕೆಜೋಳದ ಜೀನ್ ಗುರುತಾಯಿತು. ಅದನ್ನು ರೈತ ಒಪ್ಪುವ ತಳಿಯಾಗಿ ರೂಪಿಸಿದ್ದಕ್ಕೆ ಮೆಕ್ಸಿಕೊದಲ್ಲಿ ದುಡಿದ ಭಾರತೀಯ ಸುರಿಂದರ್ ವಸಲ್ ಮತ್ತು ಎವಾಂಜೆಲಿನಾ ವಿಯೆಗಾಸ್ 2000ದಲ್ಲಿ ವಿಶ್ವ ಆಹಾರ ಪ್ರಶಸ್ತಿ ಪಡೆದರು.

ಹಂದಿಗಳ ಜಗಳ ಜೋರಾಗುವುದು ಬೇರೆ ಬೇರೆ ದೊಡ್ಡಿಯವನ್ನು ಒಟ್ಟುಗೂಡಿಸಿದಾಗ. ಪೊಲೆಟ್ಟೊ ತಂಡ 2010ರಲ್ಲಿ ಹೆಣ್ಣು ಹಂದಿಗಳಿಗೆ ಒಂದು ವಾರ ಎರಡೂವರೆ ಪಟ್ಟು ಟ್ರಿಪ್ಟೊಫ್ಯಾನ್ ಕೊಟ್ಟು, ಅವುಗಳ ಜಾಗಕ್ಕೆ ಹೊಸ ಹಂದಿಯನ್ನು ಬಿಟ್ಟು ನೋಡಿತು. ಮೂರು ತಿಂಗಳ ಎಳೆಯ ಹಂದಿಗಳ ಆಕ್ರಮಣ ತಗ್ಗಿತು. ಆರು ತಿಂಗಳಿನವು ಅಷ್ಟಾಗಿ ಬದಲಾಗಲಿಲ್ಲ. ಸ್ವೀಡನ್ನಿನ ಸ್ವಾಂಟೆ ವಿನ್‌ಬರ್ಗ್ 2001ರಲ್ಲಿ ರೇನ್‌ಬೋ ಟ್ರೌಟ್ ಮೀನಿನ ತೊಟ್ಟಿಗೆ ಸಣ್ಣ ಮೀನೊಂದನ್ನು ಬಿಟ್ಟು, ಒಡೆಯ ಮೀನು ಎಷ್ಟು ಸಲ ಎರಗುತ್ತದೆಂದು ಎಣಿಸಿದರು. ಟ್ರಿಪ್ಟೊಫ್ಯಾನ್ ಮೇವು ಮೂರು ದಿನ ತಿಂದವು ಮಾಮೂಲಿನಂತೆ ಎರಗಿದವು. ಏಳು ದಿನ ತಿಂದವು ಸುಮ್ಮನಾದವು. ಎಳೆಯ ಗ್ರೂಪರ್ ಮೀನುಗಳು ಒಂದನ್ನೊಂದು ನುಂಗುವುದೂ ಇಂಥ ಮೇವಿನಿಂದ ಕಡಿಮೆಯಾದ ವರದಿ ತೈವಾನಿನಿಂದ 2003ರಲ್ಲಿ ಬಂದಿದೆ.

ಎದುರು ಸಾಕ್ಷಿಗಳು

ಬೆನ್ನೆಲುಬಿಲ್ಲದ ಜೀವಿಗಳ ಕಡೆ ಹೊರಳಿದರೆ ಚಿತ್ರ ತಲೆಕೆಳಗಾಗುತ್ತದೆ. ಹಾರ್ವರ್ಡ್‌ನ ಎಡ್ವರ್ಡ್ ಕ್ರಾವಿಟ್ಜ್ ತಂಡ 1980ರಲ್ಲಿ ಲಾಬ್‌ಸ್ಟರ್‌ಗೆ ಸೆರೊಟೋನಿನ್ ಚುಚ್ಚಿದಾಗ ಅದು ಇಕ್ಕುಳ ಮುಂದೆ ಚಾಚಿ, ಮೈ ಎತ್ತಿ ಯಜಮಾನನ ಭಂಗಿಯಲ್ಲಿ ನಿಂತಿತು. 1997ರ ಪ್ರಯೋಗದಲ್ಲಿ ಸೋತ ಕ್ರೇಫಿಶ್ ಕೂಡ ಸೆರೊಟೋನಿನ್ ಸಿಕ್ಕ ಮೇಲೆ ಹಿಂದೆ ಸರಿಯದೆ ಮತ್ತೆ ಕಾದಾಟಕ್ಕಿಳಿಯಿತು. ಹಣ್ಣಿನ ನೊಣದಲ್ಲೂ ಸೆರೊಟೋನಿನ್ ಏರಿದರೆ ಜಗಳ ಏರುತ್ತದೆ.

ಮೆಲುಕು ಹಾಕುವ ಪ್ರಾಣಿಗಳಲ್ಲಿ ಬೇರೆಯೇ ಅಪಾಯ. ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಟ್ರಿಪ್ಟೊಫ್ಯಾನನ್ನು 3-ಮಿಥೈಲಿಂಡೋಲ್ ಎಂಬ ವಸ್ತುವಾಗಿ ಮಾರ್ಪಡಿಸುತ್ತವೆ. ಅದು ಶ್ವಾಸಕೋಶವನ್ನು ಹಾಳುಮಾಡುತ್ತದೆಂದು 1972ರಲ್ಲಿ ಕಾರ್ಲ್‌ಸನ್ ತಂಡ ತೋರಿಸಿತು. ಒಣ ಮೇವಿನಿಂದ ಹಸಿರು ಹುಲ್ಲುಗಾವಲಿಗೆ ಇದ್ದಕ್ಕಿದ್ದಂತೆ ಬಿಟ್ಟ ದನಗಳಿಗೆ ಉಸಿರು ಕಟ್ಟುವ ರೋಗದ ಹಿಂದಿರುವುದೂ ಇದೇ. ಕುದುರೆಗಳನ್ನು ಶಾಂತಗೊಳಿಸಲೆಂದು ಮಾರುವ ಟ್ರಿಪ್ಟೊಫ್ಯಾನ್ ಪುಡಿಗಳ ಬಗ್ಗೆ ಗ್ರಿಮೆಟ್ ಮತ್ತು ಸಿಲೆನ್ಸ್ 2005ರಲ್ಲಿ ಸಮೀಕ್ಷೆ ಮಾಡಿ, ಆ ಹೇಳಿಕೆಗೆ ಆಧಾರ ಸಾಲದು ಎಂದರು. ಸಣ್ಣ ಪ್ರಮಾಣ ಕುದುರೆಯನ್ನು ತುಸು ಉದ್ರೇಕಿಸಲೂಬಹುದು.

ಮನುಷ್ಯರಿಗೂ ಒಂದು ಪಾಠವಾಗಿದೆ. ನಿದ್ರೆಗೆ, ನೋವಿಗೆ ಎಂದು ಅಮೆರಿಕದಲ್ಲಿ ಅಂಗಡಿಯಿಂದ ಕೊಂಡು ನುಂಗುತ್ತಿದ್ದ ಟ್ರಿಪ್ಟೊಫ್ಯಾನ್ ಮಾತ್ರೆಗಳಿಂದ 1989ರಲ್ಲಿ 1,500ಕ್ಕೂ ಹೆಚ್ಚು ಮಂದಿ ಸ್ನಾಯು ನೋವಿನ ವಿಚಿತ್ರ ರೋಗಕ್ಕೆ ತುತ್ತಾದರು, ಹಲವರು ಸತ್ತರು. ತನಿಖೆ ಒಂದೇ ತಯಾರಕರ ಸರಕಿನತ್ತ ಬೆರಳು ತೋರಿತಾದರೂ, ನೋವು ನೀಗಲೆಂದು ತಿಂದ ಮಾತ್ರೆ ತೀವ್ರ ನೋವಿಗೇ ಕಾರಣವಾಯಿತು.

ಕಚ್ಚುವ ನಾಯಿಯ ಮುಂದೆ

ಪಶುವೈದ್ಯರ ಬಳಿ ಈ ಪ್ರಶ್ನೆ ಹೆಚ್ಚಾಗಿ ಬರುವುದು ನಾಯಿಯ ರೂಪದಲ್ಲಿ. ಇಲ್ಯಾನಾ ರೈಸ್ನರ್ 1996ರಲ್ಲಿ, ಮನೆಯವರನ್ನೇ ಕಚ್ಚುವ ನಾಯಿಗಳ ಮಿದುಳು-ಬೆನ್ನುಹುರಿಯ ದ್ರವದಲ್ಲಿ ಸೆರೊಟೋನಿನ್‌ನ ಶೇಷವಸ್ತು ಕಡಿಮೆ ಇರುವುದನ್ನು ಕಂಡರು. 2000ದಲ್ಲಿ ಡೆನಾಪೊಲಿ, ನಿಕೊಲಸ್ ಡಾಡ್‌ಮನ್ ಮತ್ತಿತರರು 33 ಸಾಕುನಾಯಿಗಳನ್ನು ಆಯ್ದುಕೊಂಡರು: 11 ಯಜಮಾನಿಕೆಯ ಸಿಟ್ಟಿನವು, 11 ತನ್ನ ಜಾಗ ಕಾಯುವ ಸಿಟ್ಟಿನವು, 11 ಒಂದೆಡೆ ನಿಲ್ಲದ ಚಂಚಲವು. ಪ್ರೋಟೀನ್ ಹೆಚ್ಚು ಅಥವಾ ಕಡಿಮೆ, ಹೆಚ್ಚುವರಿ ಟ್ರಿಪ್ಟೊಫ್ಯಾನ್ ಸಹಿತ ಅಥವಾ ರಹಿತ, ಹೀಗೆ ನಾಲ್ಕು ಬಗೆಯ ಊಟವನ್ನು ವಾರಕ್ಕೊಂದರಂತೆ ಕೊಟ್ಟರು. ಪ್ರೋಟೀನ್ ಹೆಚ್ಚಿದ್ದು ಟ್ರಿಪ್ಟೊಫ್ಯಾನ್ ಸೇರಿಸದ ಊಟದ ವಾರದಲ್ಲಿ ಯಜಮಾನಿಕೆಯ ಸಿಟ್ಟು ಹೆಚ್ಚು. ಕಡಿಮೆ ಪ್ರೋಟೀನಿಗೆ ಟ್ರಿಪ್ಟೊಫ್ಯಾನ್ ಸೇರಿದಾಗ ಜಾಗ ಕಾಯುವ ಸಿಟ್ಟು ಇಳಿಯಿತು. ಚಂಚಲ ನಾಯಿಗಳಿಗೆ ಏನೂ ಆಗಲಿಲ್ಲ. ಫಲ ಮಿದುಳಿನ ಬಾಗಿಲಿನ ಪೈಪೋಟಿಗೆ ಹೊಂದಿಕೆಯಾಗುತ್ತದೆ. ಆದರೆ ಅಂಕ ಕೊಟ್ಟವರು ನಾಯಿಯ ಮಾಲೀಕರು, ಗುಂಪುಗಳು ಚಿಕ್ಕವು, ಅವಧಿ ಒಂದೇ ವಾರ.

ದೊಡ್ಡ ಪರೀಕ್ಷೆಯ ಫಲ ಸಪ್ಪೆ. ನೆದರ್ಲೆಂಡ್ಸ್‌ನಲ್ಲಿ ಬಾಷ್ ಮತ್ತು ಸಂಗಡಿಗರು 138 ಅಂಜುಬುರುಕ ನಾಯಿಗಳಲ್ಲಿ ಅರ್ಧಕ್ಕೆ ಎಂಟು ವಾರ ಟ್ರಿಪ್ಟೊಫ್ಯಾನ್ ಸೇರಿಸಿದ ಆಹಾರ ಕೊಟ್ಟು 2009ರಲ್ಲಿ ವರದಿ ಮಾಡಿದರು. ರಕ್ತದ ಟ್ರಿಪ್ಟೊಫ್ಯಾನ್ ಶೇ 37ರಷ್ಟು ಏರಿತು. ನಡವಳಿಕೆ ಕದಲಲಿಲ್ಲ. ಆ ನಾಯಿಗಳ ಊಟದಲ್ಲಿ ಮೊದಲೇ ಕೊರತೆಯಿರಲಿಲ್ಲ.

ಹಾಗೆಂದು ನೋವು ಮತ್ತು ಸಿಟ್ಟನ್ನು ಬೇರೆ ಬೇರೆಯಾಗಿ ನೋಡಿ ಮುಗಿಸುವಂತಿಲ್ಲ. 1962ರಲ್ಲಿ ರೋಜರ್ ಅಲ್ರಿಕ್ ಮತ್ತು ನೇಥನ್ ಅಜ್ರಿನ್ ಒಂದೇ ಪಂಜರದ ಎರಡು ಇಲಿಗಳ ಕಾಲಿಗೆ ವಿದ್ಯುತ್ ಆಘಾತ ಕೊಟ್ಟಾಗ, ಅವು ಹಿಂಗಾಲ ಮೇಲೆ ಎದ್ದು ನಿಂತು ಒಂದನ್ನೊಂದು ಹೊಡೆದವು. ನೋವು ಕೊಟ್ಟದ್ದು ನೆಲದ ಕಂಬಿ, ಏಟು ತಿಂದದ್ದು ಪಕ್ಕದ ಇಲಿ. ಬಾರ್ಸಿಲೋನಾದಲ್ಲಿ ಟೊಮಾಸ್ ಕ್ಯಾಂಪ್ಸ್ ಮತ್ತು ಜೊತೆಗಾರರು 2012ರಲ್ಲಿ ವಿವರಿಸಿದ, ನೋವಿನಿಂದ ಕಚ್ಚುತ್ತಿದ್ದ 12 ನಾಯಿಗಳಲ್ಲಿ 8ಕ್ಕೆ ಸೊಂಟದ ಕೀಲಿನ ದೋಷವಿತ್ತು. ಮಾಲೀಕರು ಬಂದಿದ್ದು ಕಚ್ಚುವ ದೂರು ಹೊತ್ತು, ಕುಂಟುವ ದೂರಲ್ಲ.

ಆದ್ದರಿಂದ ಇದ್ದಕ್ಕಿದ್ದಂತೆ ಸಿಡುಕಲು ಶುರುಮಾಡಿದ ನಾಯಿಯ ವಿಷಯದಲ್ಲಿ ಅನುಭವಿ ಪಶುವೈದ್ಯರು ಮೊದಲು ಸೊಂಟ, ಮೊಣಕಾಲು, ಕಿವಿ, ಹಲ್ಲು ಮುಟ್ಟಿ ನೋಡುತ್ತಾರೆ. ಆಮೇಲೆ ಕೇಳುವುದು ಊಟದ ಬಗ್ಗೆ: ಬರೀ ಅನ್ನವೋ, ಬರೀ ಮಾಂಸವೋ, ಅಂಗಡಿಯ ಆಹಾರವೋ. ಊಟ ಒಂದೇ ಬಗೆಯದಾಗಿದ್ದರೆ ಅದನ್ನು ಸರಿಪಡಿಸಿದಾಗ ಲಾಭ ಕಾಣುವ ಸಾಧ್ಯತೆ ಇದೆ. ಸಮತೋಲನದ ಊಟ ತಿನ್ನುತ್ತಿರುವ ನಾಯಿಗೆ ಶಾಂತಿಯ ಬಿಸ್ಕತ್ತು ತಿನ್ನಿಸಿ ಹೆಚ್ಚೇನೂ ಸಿಗದು. ಆತಂಕಕ್ಕೆ ಫ್ಲುಆಕ್ಸೆಟಿನ್‌ನಂಥ ಸೆರೊಟೋನಿನ್ ಹೆಚ್ಚಿಸುವ ಔಷಧ ನಡೆಯುತ್ತಿರುವ ನಾಯಿಗೆ ಅದರ ಮೇಲೆ ಟ್ರಿಪ್ಟೊಫ್ಯಾನ್ ಸೇರಿಸುವುದು ಅಪಾಯಕಾರಿಯೂ ಆಗಬಹುದು. ಸೆರೊಟೋನಿನ್ ಮಿತಿಮೀರಿದರೆ ನಡುಕ, ಜ್ವರ, ಸೆಳವು ಬರುತ್ತವೆ. ಔಷಧದ ಚೀಟಿಯ ಜೊತೆಗೆ ತಿನಿಸಿನ ಡಬ್ಬಿಯನ್ನೂ ವೈದ್ಯರ ಮೇಜಿನ ಮೇಲಿಡಬೇಕಾದದ್ದು ಇದಕ್ಕೇ.